ವರ್ಗಣಿ ಏರಿಸುವ ಮುನ್ನ

ನಿವೃತ್ತರ ಸಂಘ ನಡೆಸುವವರ ಗೋಳು ಹಾವೇರಿಯಲ್ಲಾಗಲಿ, ರಾಣೆಬೆನ್ನೂರಿನಲ್ಲಾಗಲಿ ಬೇರೆಯಾಗಿರಲಾರದು. ಹಳಬರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ, ಹೊಸಬರು ಬರುವುದಿಲ್ಲ, ಬಾಡಿಗೆ ಮಾತ್ರ ಏರುತ್ತದೆ. ಆರೋಗ್ಯದ ಅಂಕಣದಲ್ಲಿ ಬಾಡಿಗೆಯ ಮಾತೇಕೆ ಎಂದು ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ಹೊರತಂದ ವರದಿಯಂತೆ, ಒಂಟಿತನದೊಂದಿಗೆ ನಂಟಿರುವ ಸಾವುಗಳು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8.71 ಲಕ್ಷ. ಪಾರ್ಶ್ವವಾಯು, ಹೃದ್ರೋಗ, ಸಕ್ಕರೆ ಕಾಯಿಲೆ, ಮರೆವು ಇವೆಲ್ಲದರ ಅಪಾಯವನ್ನೂ ಅದು ಹೆಚ್ಚಿಸುತ್ತದೆ. ನಾಲ್ಕು ಜನ ಸೇರುವ ಕೋಣೆಯೂ ಒಂದು ಚಿಕಿತ್ಸೆಯೇ.

ಆದ್ದರಿಂದ ವರ್ಗಣಿ ಏರಿಸುವ ಠರಾವಿಗೆ ಕೈ ಎತ್ತುವ ಮುನ್ನ ಲೆಕ್ಕ ಹಾಕಿ. ತಿಂಗಳಿಗೆ 4,000 ರೂಪಾಯಿ ಖರ್ಚು, 40 ಸದಸ್ಯರು ಎಂದಿಟ್ಟುಕೊಳ್ಳಿ. ತಲೆಗೆ 100 ರೂಪಾಯಿ. ಸದಸ್ಯರು 25ಕ್ಕೆ ಇಳಿದರೆ 160. ಆಗ ಇನ್ನೈದು ಜನ ಸುಮ್ಮನೆ ಹಿಂದೆ ಸರಿಯುತ್ತಾರೆ. ಉಳಿದವರ ಪಾಲಿಗೆ 200. ಮೊದಲು ಬಿಡುವವರು ಕೈ ಬಿಗಿ ಇರುವವರೇ, ಮನೆಯಲ್ಲಿ ಮಾತಿಗೆ ಯಾರೂ ಇಲ್ಲದವರೂ ಹಲವು ಸಲ ಅವರೇ. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ಅನ್ವಯವಾದದ್ದು ಹೊಸ ಪಿಂಚಣಿ ಪದ್ಧತಿ. ಹಳೆಯವರಂತೆ ಅವರೂ ಧಾರಾಳವಾಗಿ ಕೊಟ್ಟಾರೆಂದು ಎಣಿಸುವುದು ತಪ್ಪು.

ನನ್ನ ಅಭಿಪ್ರಾಯದಲ್ಲಿ ಏರಿಸಬೇಕಾದದ್ದು ವರ್ಗಣಿಯನ್ನಲ್ಲ, ಸದಸ್ಯರ ಸಂಖ್ಯೆಯನ್ನು. ನಿವೃತ್ತರೆಂದರೆ ಗುಮಾಸ್ತರು, ಮಾಸ್ತರರು ಮಾತ್ರವೇ? ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊತ್ತು ಬೆನ್ನು ಬಾಗಿದ ಹಮಾಲನಿಗೆ, ತೊಟ್ಟು ಬಿಡಿಸಿ ಕೈ ಉರಿಸಿಕೊಂಡ ಅಜ್ಜಿಗೆ ಬೀಳ್ಕೊಡುಗೆಯ ಶಾಲು ಹೊದಿಸಿದವರಿಲ್ಲ. ಅವರಿಗೂ ವಯಸ್ಸಾಗಿದೆ. ಕರೆಯಿರಿ. ಹೆಂಗಸರನ್ನಂತೂ ಕರೆಯಲೇಬೇಕು. ಗಂಡಸರು ಇಸ್ಪೀಟು ಹಾಕಿಕೊಂಡು ಕುಳಿತ ಕೋಣೆಗೆ ಯಾವ ಅಕ್ಕ ಬಂದಾಳು? ಅವರಿಗೆ ಅನುಕೂಲವಾದ ಹೊತ್ತನ್ನು ಅವರನ್ನೇ ಕೇಳಿ. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್ 11ರಿಂದ ಟಿಕೆಟಿನ ಚಿಂತೆ ತಪ್ಪಿದೆ. ಸುತ್ತಲಿನ ಹಳ್ಳಿಯವರೂ ಬರಬಹುದು.

ಬಾಡಿಗೆ ಭಾರವಾದರೆ ಸಂಜೆ ಖಾಲಿ ಬೀಳುವ ಶಾಲೆಯ ಕೋಣೆಯನ್ನೋ ಗುಡಿಯ ಪಡಸಾಲೆಯನ್ನೋ ಕೇಳಿ ನೋಡಿ. ಮೆಟ್ಟಿಲು ಕಡಿಮೆ ಇರಲಿ, ಶೌಚಾಲಯ ಹತ್ತಿರವಿರಲಿ. ಮೂರೂ ಊರು ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದ ಮೇಲಿವೆ. ತಿಂಗಳಿಗೊಮ್ಮೆ ವೈದ್ಯರನ್ನು ಕರೆಸುವ ಖರ್ಚನ್ನು ಮೂರು ಕಡೆಯವರೂ ಸರದಿಯಂತೆ ಹಂಚಿಕೊಳ್ಳಬಹುದು. ರಕ್ತದೊತ್ತಡ ನೋಡುವ ಯಂತ್ರ ಒಂದಿದ್ದರೆ ಸಾಕು. ಬಂದವರನ್ನು ಐದು ನಿಮಿಷ ಮಾತಿಲ್ಲದೆ ಕೂರಿಸಿಯೇ ಅಳೆಯಿರಿ (ಇದೇ ಕಷ್ಟದ ಕೆಲಸ).

ಇನ್ನು, ಬಾಕಿದಾರರ ಹೆಸರು ಹೊಡೆದುಹಾಕುವ ಮುನ್ನ ಯಾರಾದರೊಬ್ಬರು ಅವರ ಮನೆಗೆ ಹೋಗಿಬನ್ನಿ. ಮೊಣಕಾಲು ನೋವಿರಬಹುದು. ಕಿವಿ ಮಂದವಾಗಿ, ಮಾತು ತಿಳಿಯದೆ ಬರುವುದು ಬಿಟ್ಟಿರಬಹುದು. ಬಾಕಿಯ ನಾಚಿಕೆಯೂ ಇರಬಹುದು. ಮೊದಲೆರಡಕ್ಕೆ ವೈದ್ಯರ ಬಳಿ ಕರೆದೊಯ್ಯಿರಿ; ಮೂರನೆಯದಕ್ಕೆ, ಹೆಸರು ಹೊರಗೆ ಬಾರದಂತೆ ಬಾಕಿ ಮನ್ನಾ ಮಾಡುವ ಅಧಿಕಾರವನ್ನು ಬರುವ ಸರ್ವಸಾಧಾರಣ ಸಭೆಯಲ್ಲೇ ಕಾರ್ಯದರ್ಶಿಗೆ ಕೊಟ್ಟುಬಿಡಿ.