ಗಂಟಿಗೆ ಲಾಕ್‌ಡೌನ್ ಗೊತ್ತಿರಲಿಲ್ಲ

2020ರ ಬೇಸಿಗೆ ನಿಮಗೂ ನೆನಪಿದೆ ತಾನೆ? ಹಾಲಿನ ಪ್ಯಾಕೆಟ್ಟನ್ನೂ ಸೋಪುನೀರಿನಲ್ಲಿ ತೊಳೆದಿಡುತ್ತಿದ್ದ ದಿನಗಳವು. ಆಸ್ಪತ್ರೆ ಎಂದರೇ ನಡುಕ. ಹಲ್ಲುನೋವು, ಮಂಡಿನೋವು ಎಲ್ಲವನ್ನೂ ‘ಕೊರೊನಾ ಮುಗೀಲಿ, ಆಮೇಲೆ ನೋಡಿದ್ರಾಯ್ತು’ ಅಂತ ಮುಂದೆ ತಳ್ಳಿದೆವು. ಮಂಡಿನೋವೇನೋ ಕಾದೀತು. ಎದೆಯಲ್ಲಿನ ಗಂಟು ಕಾಯುತ್ತದೆಯೇ?

ಕಾಯಲಿಲ್ಲ. ದೇಶದ 41 ಕ್ಯಾನ್ಸರ್ ಆಸ್ಪತ್ರೆಗಳ ಲೆಕ್ಕವನ್ನು ವೈದ್ಯರು ಒಟ್ಟುಗೂಡಿಸಿ 2021ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. 2019ರ ಮಾರ್ಚ್‌ನಿಂದ ಮೇವರೆಗೆ ಅಲ್ಲಿಗೆ ಹೊಸದಾಗಿ ಬಂದ ರೋಗಿಗಳು 1,12,270. ಮರುವರ್ಷ ಅದೇ ಮೂರು ತಿಂಗಳಲ್ಲಿ ಬಂದವರು 51,760! ದೊಡ್ಡ ಶಸ್ತ್ರಚಿಕಿತ್ಸೆಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ಸ್ಕ್ಯಾನಿಂಗ್, ಎಕ್ಸ್‌ರೇಯಂಥ ಪರೀಕ್ಷೆಗಳು ಶೇ 43ರಷ್ಟು ಕಡಿಮೆಯಾದವು. ಹಾಗಂತ ಕ್ಯಾನ್ಸರ್ ಕಡಿಮೆಯಾಯಿತೇ? ಖಂಡಿತ ಇಲ್ಲ. ಕಾಯಿಲೆ ಇದ್ದಲ್ಲೇ ಇತ್ತು, ಅದನ್ನು ಕಂಡವರು ಕಡಿಮೆಯಾದರು, ಅಷ್ಟೇ.

ಇನ್ನೊಂದು ವಿಷಯ ಕೇಳಿ. ಈ ಇಳಿಕೆ ಜಾಸ್ತಿ ಆಗಿದ್ದು ಮಹಾನಗರಗಳಲ್ಲೇ. ನಮ್ಮ ಕಿದ್ವಾಯಿಯನ್ನೇ ನೋಡಿ, ಬೆಂಗಳೂರಿನವರಿಗಿಂತ ದೂರದೂರಿನಿಂದ ಬಸ್ಸು, ರೈಲು ಹಿಡಿದು ಬರುವವರಿಗೆ ಅದು ದಿಕ್ಕು. ರೈಲೇ ನಿಂತಮೇಲೆ ಅವರು ಬರುವುದಾದರೂ ಹೇಗೆ?

ಆಸ್ಪತ್ರೆಗಳ ಪಾಡೂ ಸುಲಭವಿರಲಿಲ್ಲ ಅನ್ನಿ. ಕೀಮೋ ಪಡೆಯುವವರಲ್ಲಿ ಬಿಳಿರಕ್ತಕಣ ಇಳಿದು ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಅಂಥವರಿಗೆ ಕೋವಿಡ್ ತಗುಲಿದರೆ ಗತಿ? ಹಾಗಾಗಿ ಕೆಲವರಿಗೆ ಡ್ರಿಪ್ ಬದಲು ಮಾತ್ರೆ ಕೊಟ್ಟರು, ನಿಧಾನವಾಗಿ ಬೆಳೆಯುವ ಕ್ಯಾನ್ಸರ್ ಇದ್ದವರ ಆಪರೇಷನ್ ಮುಂದೂಡಿದರು. ಇದು ವೈದ್ಯರು ಅಳೆದು ತೂಗಿ ಮಾಡಿದ್ದು. ನಾವೇ ಮನೆಯಲ್ಲಿ ಕೂತು ಮುಂದೂಡಿದ್ದೇ ಬೇರೆ. ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೂ ಸಾವಿನ ಅಪಾಯ ಶೇ 6ರಿಂದ 8ರಷ್ಟು ಏರುತ್ತದೆ ಎಂದು 2020ರಲ್ಲೇ ‘ಬಿಎಂಜೆ’ಯಲ್ಲಿ ಬಂದ ಅಧ್ಯಯನವೊಂದು ಹೇಳಿತ್ತು.

ಇಂಗ್ಲೆಂಡಿನಲ್ಲಿ ಮ್ಯಾಮೋಗ್ರಾಂಗೆ ಬನ್ನಿ ಅಂತ ಮನೆಗೇ ಪತ್ರ ಬರುತ್ತದೆ. ಕೋವಿಡ್‌ನಲ್ಲಿ ಅದೂ ಕೆಲಕಾಲ ನಿಂತಿತ್ತು, ಆ ಮಾತು ಬೇರೆ. ನಮ್ಮಲ್ಲಿ ಅಂಥ ಪದ್ಧತಿಯೇ ಇಲ್ಲ. ಗಂಟನ್ನು ಮೊದಲು ಮುಟ್ಟಿ ಗುರುತಿಸುವವಳು ಸಾಮಾನ್ಯವಾಗಿ ಸ್ನಾನದ ಮನೆಯಲ್ಲಿರುವ ಹೆಣ್ಣೇ. ಅವಳು ಸುಮ್ಮನಾದರೆ ಬೇರಾರಿಗೂ ತಿಳಿಯುವುದಿಲ್ಲ. ಮಕ್ಕಳ ಪರೀಕ್ಷೆ, ಅತ್ತೆಯ ಶುಗರ್, ಗಂಡನ ಬಿಪಿ ಎಲ್ಲ ಮುಗಿದ ಮೇಲಷ್ಟೇ ನಮ್ಮ ಸರದಿ ಅಲ್ಲವೇ? ಕೋವಿಡ್ ಹೋದರೂ ಈ ಅಭ್ಯಾಸ ಹೋಗಿಲ್ಲ.

ನೋವಿಲ್ಲದ ಗಂಟು, ಮೊಲೆತೊಟ್ಟಿನಿಂದ ರಕ್ತ, ಚರ್ಮ ಒಳಸೆಳೆದಂತಾಗುವುದು, ಮುಟ್ಟು ನಿಂತ ಮೇಲೂ ರಕ್ತಸ್ರಾವ, ಮೂರು ವಾರವಾದರೂ ಮಾಯದ ಬಾಯಿಹುಣ್ಣು. ಇವುಗಳಲ್ಲಿ ಯಾವುದಿದ್ದರೂ ಈ ವಾರವೇ ಡಾಕ್ಟರನ್ನು ನೋಡಿ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೂ ಇದೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿದೆಯೇ? ಹಾಗಿದ್ದರೆ ಬಯಾಪ್ಸಿ ವರದಿ, ಕೀಮೋ ಚೀಟಿಗಳ ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ದಾರಿ ಮತ್ತೆ ಮುಚ್ಚಿದರೆ ಹತ್ತಿರದ ಆಸ್ಪತ್ರೆಯ ವೈದ್ಯರು ಅದನ್ನೇ ನೋಡಿ ಮುಂದುವರಿಸಬಹುದು. ಡೋಸ್ ತಪ್ಪಿಸುವ ಮುನ್ನ ಡಾಕ್ಟರಿಗೊಂದು ಫೋನ್ ಮಾಡಿ. ಕೀಮೋ ನಡುವೆ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರ ಫೋನಿಗೂ ಕಾಯದೆ ಆಸ್ಪತ್ರೆಗೆ ಹೊರಡಿ, ರಾತ್ರಿಯಾಗಿದ್ದರೂ ಸರಿ.