ಚಿನ್ನದ ಮೊಳೆಯೂ ಕಬ್ಬಿಣದ ಮೊಳೆಗಳೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಚರಿತ್ರೆಯನ್ನೋದುವವರು 1869ನೆಯ ಮೇ 10ನೆಯ ದಿನವನ್ನು ಮರೆಯಲಾರರು. ಅಂದು ಯೂಟಾ ಪ್ರಾಂತದ ಪ್ರಾಮಂಟರಿ ಎಂಬಲ್ಲಿ, ಪೂರ್ವದಿಂದ ಬಂದ ಯೂನಿಯನ್ ಪೆಸಿಫಿಕ್ ರೈಲುದಾರಿಯೂ ಪಶ್ಚಿಮದಿಂದ ಬಂದ ಸೆಂಟ್ರಲ್ ಪೆಸಿಫಿಕ್ ದಾರಿಯೂ ಒಂದುಗೂಡಿದವು. ಸೆಂಟ್ರಲ್ ಪೆಸಿಫಿಕ್ಕಿನ ಅಧ್ಯಕ್ಷನಾದ ಲೀಲಂಡ್ ಸ್ಟ್ಯಾನ್‌ಫರ್ಡನು ಚಿನ್ನದ ಮೊಳೆಯನ್ನಿಟ್ಟು ಉತ್ಸವವನ್ನಾಚರಿಸಿದನು. ಎತ್ತಿನ ಗಾಡಿಗಳಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪಯಣವು ಸುಮಾರು ಒಂದು ವಾರಕ್ಕಿಳಿಯಿತು. ಇದು ಸಾಮಾನ್ಯ ಸಾಧನೆಯಲ್ಲವೆಂಬುದು ನಿಜ.

ಆದರೆ ಇದನ್ನು ಕೆಲವೇ ಬಂಡವಳಿಗರ ಸಾಹಸವೆಂದು ಹೊಗಳುವ ವಾಡಿಕೆಯನ್ನು ನಾನು ಒಪ್ಪಲಾರೆ. 1862ರಲ್ಲಿ ಲಿಂಕನ್ನನು ಸಹಿ ಮಾಡಿದ ಶಾಸನದಂತೆ ಸರ್ಕಾರವೇ ಮೈಲಿಯೊಂದಕ್ಕೆ ಬಯಲಿನಲ್ಲಿ 16,000, ಕಡಿದಾದ ಬೆಟ್ಟಗಳಲ್ಲಿ 48,000 ಡಾಲರುಗಳ ಸಾಲಪತ್ರಗಳನ್ನು ಕೊಟ್ಟಿತು. ದಾರಿಯ ಇಕ್ಕೆಲದ ಭೂಮಿಯನ್ನೂ ಧಾರೆಯೆರೆಯಿತು. ಆ ಭೂಮಿಯಾದರೂ ಬರಿದಾಗಿತ್ತೆ? ಲಕೋಟ, ಶೈಯೆನ್ ಮೊದಲಾದ ಮೂಲನಿವಾಸಿಗಳು ಬೈಸನ್ ಎಂಬ ಕಾಡುಕೋಣಗಳನ್ನು ನಂಬಿ ಅಲ್ಲಿ ಬಾಳುತ್ತಿದ್ದರು. ರೈಲು ಬೇಟೆಗಾರರನ್ನು ತಂದಿತು, ತೊಗಲನ್ನು ಹೊತ್ತೊಯ್ದಿತು. ಕೋಟಿಗಟ್ಟಲೆಯಿದ್ದ ಆ ಪ್ರಾಣಿಗಳು 1880ರ ದಶಕ ಮುಗಿಯುವಷ್ಟರಲ್ಲಿ ಸುಮಾರು ಒಂದು ಸಾವಿರಕ್ಕಿಳಿದವು.

ಇನ್ನು ದುಡಿದವರ ಮಾತು. ಸಿಯೆರಾ ನೆವಾಡದ ಕಲ್ಲುಬಂಡೆಗಳನ್ನು ಹಿಮದ ನಡುವೆ ಕೊರೆದವರಲ್ಲಿ ಹೆಚ್ಚಿನವರು ಚೀನೀ ಕೂಲಿಗಾರರು. ಅವರ ಸಂಖ್ಯೆ ಹತ್ತು ಸಾವಿರಕ್ಕೂ ಮಿಕ್ಕಿತ್ತು. 1867ರ ಜೂನಿನಲ್ಲಿ ಅವರು ಬಿಳಿಯರಿಗೆ ಸಮನಾದ ಕೂಲಿಯನ್ನೂ ಕಡಮೆ ಹೊತ್ತಿನ ದುಡಿಮೆಯನ್ನೂ ಕೇಳಿ ಮುಷ್ಕರ ಹೂಡಿದರು. ಕೆಲಸದ ಮೇಲ್ವಿಚಾರಣೆ ಹೊತ್ತಿದ್ದ ಚಾರ್ಲ್ಸ್ ಕ್ರಾಕರನು ಅವರಿಗೆ ಬರುತ್ತಿದ್ದ ಆಹಾರವನ್ನೇ ತಡೆದನು. ಹಸಿವಿನ ಮುಂದೆ ಹಟ ಎಷ್ಟು ದಿನ ನಿಂತೀತು? ಒಂದು ವಾರದಲ್ಲಿ ಮುಷ್ಕರ ಮುರಿಯಿತು. ದಾರಿ ಮುಗಿದ ಹದಿಮೂರು ವರ್ಷಗಳಿಗೆ, 1882ರಲ್ಲಿ, ಚೀನೀ ಕೂಲಿಗಾರರು ದೇಶದೊಳಗೆ ಕಾಲಿಡಕೂಡದೆಂಬ ಶಾಸನವೂ ಬಂದಿತು. ಅದು ರದ್ದಾದುದು 1943ರಲ್ಲಿ.

ಇಂಥ ಕಷ್ಟವಿಲ್ಲದೆ ದೊಡ್ಡ ಕಾರ್ಯಗಳಾಗುವವೇ ಎಂದು ಕೆಲವರು ಕೇಳಬಹುದು. ಕಷ್ಟ ಬೇರೆ, ಅನ್ಯಾಯ ಬೇರೆ. ಬಂಡೆಯ ಗಡಸುತನ ಪ್ರಕೃತಿಯದು. ಕೂಲಿಯ ತಾರತಮ್ಯ ಮನುಷ್ಯನದು. ಸಮನಾದ ಕೂಲಿ ಕೊಟ್ಟಿದ್ದರೆ ಹಳಿಗಳೇನೂ ಸೊಟ್ಟಗಾಗುತ್ತಿರಲಿಲ್ಲ. ಆದುದರಿಂದ ಒಂದು ದಾರಿಯನ್ನು ಅಳೆಯುವಾಗ ಮೈಲಿಗಳನ್ನು ಮಾತ್ರ ಎಣಿಸಿದರೆ ಸಾಲದು. ಅದು ಯಾರ ನೆಲದ ಮೇಲೆ ಹಾಯಿತು, ಕಟ್ಟಿದವರಿಗೆ ಏನನ್ನುಳಿಸಿತು ಎಂಬುದನ್ನೂ ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಕೇಳಬೇಕು.

ಆ ಚಿನ್ನದ ಮೊಳೆಯನ್ನು ಅಂದೇ ತೆಗೆದಿಟ್ಟು, ಅದರ ಸ್ಥಾನದಲ್ಲಿ ಕಬ್ಬಿಣದ ಮೊಳೆಯನ್ನು ಬಡಿದರು. ಬಂಡಿಗಳು ಓಡಿದುದು ಕಬ್ಬಿಣದ ಬಲದಿಂದಲೇ.