ಕಾಡಿನ ಪಾಲು ಕಾಡಂಚಿಗೂ ಬರಲಿ

2025ರ ಜೂನ್‌ನಲ್ಲಿ ಹನೂರು ತಾಲ್ಲೂಕಿನ ಹೂಗ್ಯಂ ಅರಣ್ಯ ವಲಯದಲ್ಲಿ ವಿಷ ಬೆರೆಸಿದ್ದ ಹಸುವಿನ ಕಳೇಬರ ತಿಂದು ತಾಯಿ ಹುಲಿಯೊಂದು ತನ್ನ ನಾಲ್ಕು ಮರಿಗಳೊಂದಿಗೆ ಸತ್ತಿತು. ತಪ್ಪಿತಸ್ಥರಿಗೆ ಶಿಕ್ಷೆಯಾಗಲೇಬೇಕು, ಆದರೆ ಸಮಸ್ಯೆಯ ಒಂದು ಬೇರು ನಮ್ಮ ಅರ್ಥನೀತಿಯಲ್ಲೂ ಇದೆ. ರಾಜ್ಯಗಳಿಗೆ ತೆರಿಗೆ ಹಂಚುವಾಗ 15ನೇ ಹಣಕಾಸು ಆಯೋಗ ಕಾಡು, ಪರಿಸರಕ್ಕೆ ಶೇ 10ರಷ್ಟು ತೂಕ ಕೊಟ್ಟಿತು. ಕಾಡು ಉಳಿಸಿಕೊಂಡದ್ದಕ್ಕೆ ಬರುವ ಆ ಹಣ ಸೇರುವುದು ರಾಜ್ಯದ ಬೊಕ್ಕಸಕ್ಕೆ; ದನ ಕಳೆದುಕೊಳ್ಳುವವರು, ಆನೆಗೆ ಬೆಳೆ ಬಿಟ್ಟುಕೊಡುವವರು ಮಾತ್ರ ಹನೂರಿನ ಕಾಡಂಚಿನ ಜನ.

ಪರಿಹಾರ ಕೊಡುತ್ತಿದ್ದೇವಲ್ಲ ಎನ್ನಬಹುದು. ಅದು ನಷ್ಟವಾದ ಮೇಲೆ ಅರ್ಜಿ ಹಿಡಿದು ಅಲೆದು ಪಡೆಯುವ ಹಣ, ವರಮಾನವಲ್ಲ. ತೆರಿಗೆ ಪಾಲಿನ ಒಂದಂಶ ಕಾಡಂಚಿಗೆ ಹೋಗಲೇಬೇಕೆಂದು ಕೇಂದ್ರವೇ ಷರತ್ತು ಹಾಕಿದರೆ ರಾಜ್ಯದ ಸ್ವಾಯತ್ತತೆ ಕುಗ್ಗುತ್ತದೆಂಬ ಆಕ್ಷೇಪದಲ್ಲಿ ಹುರುಳಿದೆ. ಹಾಗಾದರೆ ಆ ಕೆಲಸವನ್ನು ರಾಜ್ಯ ಹಣಕಾಸು ಆಯೋಗವೇ ಮಾಡಲಿ: ಕಾಡಂಚಿನ ಪಂಚಾಯಿತಿಗಳಿಗೆ ಪ್ರತಿವರ್ಷ ನಿಶ್ಚಿತ ಪಾಲು ಶಿಫಾರಸು ಮಾಡಲಿ. ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.